ಎಷ್ಟು ದೊಡ್ಡ ಹಡಗು ಸಾಕು? ಮಹಾ ಕಂಟೇನರ್ ಹಡಗುಗಳ ವಿನ್ಯಾಸ: ಒಂದು ಸಮೀಕ್ಷೆ

ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಸುತ್ತಿನ ತೋಟಗಳ ಕಾಫಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಕಳಚಿ, ದರ್ಜೆವಾರು ಬೇರ್ಪಟ್ಟು, ಚೀಲಕ್ಕಿಳಿದು, ಕೊನೆಗೆ ಇಪ್ಪತ್ತು ಅಡಿ ಉದ್ದದ ಉಕ್ಕಿನ ಪೆಟ್ಟಿಗೆ ಸೇರುತ್ತದೆ. 60 ಕಿಲೋ ಚೀಲದ ಲೆಕ್ಕದಲ್ಲಿ ಒಂದು ಪೆಟ್ಟಿಗೆಗೆ ಸುಮಾರು 320 ಚೀಲ. ತೂಕ 19 ಟನ್ನಿಗೂ ಸ್ವಲ್ಪ ಮೇಲೆ. ಲಾರಿ ಆ ಪೆಟ್ಟಿಗೆಯನ್ನು ಸಕಲೇಶಪುರ ದಾಟಿಸಿ, ಶಿರಾಡಿ ಘಾಟಿ ಇಳಿಸಿ, ಪಣಂಬೂರಿನ ನವಮಂಗಳೂರು ಬಂದರಿಗೆ ಮುಟ್ಟಿಸುತ್ತದೆ. ಅಲ್ಲಿಂದ ಫೀಡರ್ ಎಂದು ಕರೆಯುವ ಸಣ್ಣ ಹಡಗು ಅದನ್ನು ಕೊಲಂಬೊದಂಥ ದೊಡ್ಡ ಬಂದರಿಗೆ ಒಯ್ಯುತ್ತದೆ. ಇಟಲಿಗೋ ಜರ್ಮನಿಗೋ ಬೆಲ್ಜಿಯಂಗೋ ಹೊರಟ ಮಹಾ ಹಡಗು ಅದನ್ನು ಎತ್ತಿಕೊಳ್ಳುವುದು ಅಲ್ಲಿಯೇ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಕರ್ನಾಟಕವೇ ಬೆಳೆಯುತ್ತದೆ. ಬೆಳೆದದ್ದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಸಮುದ್ರ ಕಾಣದ ಹಾಸನ ಜಿಲ್ಲೆಗೂ ಹಡಗಿನ ವಿನ್ಯಾಸಕ್ಕೂ ನಂಟು ಬೆಳೆದದ್ದು ಹೀಗೆ.

ಆ ವಿನ್ಯಾಸ ಹೇಗಿರಬೇಕು ಎಂಬುದರ ಬಗ್ಗೆ ಮೂವತ್ತು ವರ್ಷಗಳಿಂದ ಬಿಸಿ ಚರ್ಚೆ ನಡೆದಿದೆ. ಹಡಗು ಕಟ್ಟುವ ಎಂಜಿನಿಯರುಗಳು, ಹಡಗು ಕಂಪನಿಗಳು, ಬಂದರಿನವರು, ವಿಮೆಯವರು ಅದರಲ್ಲಿದ್ದಾರೆ. ದಡದಲ್ಲಿ ನಿಂತು ಹಡಗಿನ ಹೆಸರು, ಉದ್ದ, ಅಗಲ, ಹೊಗೆಕೊಳವೆಯ ಜಾಗ ಗುರುತು ಹಾಕಿಕೊಂಡು ಒಂದನ್ನೊಂದು ಹೋಲಿಸುವ ಹಡಗುಪ್ರಿಯರೂ ಇದ್ದಾರೆ. ನಮ್ಮ ಸೀಮೆಯವರಿಗೆ ಇಂಥ ಹೋಲಿಕೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನಿಗೆ ಒಂದು ಗರ್ಭಗುಡಿ, ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಎರಡು, ಅರಸೀಕೆರೆಯ ಈಶ್ವರ ದೇಗುಲಕ್ಕೆ ನಕ್ಷತ್ರಾಕಾರದ ಮಂಟಪ. ಯಾವುದು ದೊಡ್ಡದು ಎಂದು ಕೇಳುವವರಿಗಿಂತ, ಯಾವ ಯೋಜನೆ ಯಾವ ಉದ್ದೇಶಕ್ಕೆ ಎಂದು ಕೇಳುವವರಿಗೆ ಆ ಗುಡಿಗಳು ಹೆಚ್ಚು ತೆರೆದುಕೊಳ್ಳುತ್ತವೆ. ಹಡಗಿಗೂ ಇದೇ ಕ್ರಮ ಒಪ್ಪುತ್ತದೆ. ಈ ಲೇಖನ ಚರ್ಚೆಯ ಇತಿಹಾಸವನ್ನೂ ಅದರೊಳಗಿನ ಮುಖ್ಯ ಪಂಥಗಳನ್ನೂ ಒಂದೆಡೆ ಇಟ್ಟು ನೋಡುತ್ತದೆ.

58 ಪೆಟ್ಟಿಗೆಗಳಿಂದ 24 ಸಾವಿರದವರೆಗೆ

1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಅದು ಮೂಲತಃ ತೈಲ ಸಾಗಿಸುವ ಹಡಗು; ಅದರ ಮೇಲೆ ಪೆಟ್ಟಿಗೆ ಇಡಲು ಅಟ್ಟ ಕಟ್ಟಿಸಿದವನು ಲಾರಿ ಕಂಪನಿ ನಡೆಸುತ್ತಿದ್ದ ಮ್ಯಾಲ್ಕಮ್ ಮೆಕ್ಲೀನ್. ಚೀಲ, ಪೀಪಾಯಿ, ಮರದ ಡಬ್ಬಗಳನ್ನು ಒಂದೊಂದಾಗಿ ಹೊತ್ತು ಇಳಿಸುತ್ತಿದ್ದ ಕಾಲದಲ್ಲಿ ಹಡಗಿನ ಆಯುಷ್ಯದ ದೊಡ್ಡ ಪಾಲು ಬಂದರಿನಲ್ಲೇ ಕಳೆಯುತ್ತಿತ್ತು. ಲಾರಿಯ ಮೇಲಿನ ಪೆಟ್ಟಿಗೆಯನ್ನೇ ಕ್ರೇನಿನಿಂದ ಎತ್ತಿ ಹಡಗಿಗೆ ಇಟ್ಟರೆ ಹಡಗು ಸಮುದ್ರದಲ್ಲಿ ದುಡಿಯುವ ದಿನಗಳು ಹೆಚ್ಚುತ್ತವೆ ಎಂಬುದು ಅವನ ಲೆಕ್ಕಾಚಾರ. 1960ರ ದಶಕದ ಕೊನೆಗೆ ಪೆಟ್ಟಿಗೆಯ ಅಳತೆಗಳಿಗೆ ಅಂತರರಾಷ್ಟ್ರೀಯ ಮಾನಕ ಬಂತು. ಅಂದಿನಿಂದ ಹಡಗಿನ ಸಾಮರ್ಥ್ಯವನ್ನು ಇಪ್ಪತ್ತು ಅಡಿಯ ಪೆಟ್ಟಿಗೆಯ ಲೆಕ್ಕದಲ್ಲಿ ಹೇಳುವುದು ರೂಢಿ. ಇದೇ ಟಿಇಯು. ನಲವತ್ತು ಅಡಿಯ ಪೆಟ್ಟಿಗೆ ಎರಡು ಟಿಇಯು.

ಮೊದಲ ಮೂವತ್ತು ವರ್ಷ ಹಡಗಿನ ಅಗಲವನ್ನು ನಿರ್ಧರಿಸಿದ್ದು ಪನಾಮಾ ಕಾಲುವೆ. ಅದರ ಹಳೆಯ ಜಲದ್ವಾರಗಳಲ್ಲಿ ಸುಮಾರು 32 ಮೀಟರಿಗಿಂತ ಅಗಲದ ಹಡಗು ತೂರುತ್ತಿರಲಿಲ್ಲ. 1988ರಲ್ಲಿ ಅಮೆರಿಕನ್ ಪ್ರೆಸಿಡೆಂಟ್ ಲೈನ್ಸ್ ಕಂಪನಿ ‘ಪ್ರೆಸಿಡೆಂಟ್ ಟ್ರೂಮನ್’ ವರ್ಗದ ಹಡಗುಗಳನ್ನು 39 ಮೀಟರಿಗೂ ಮೀರಿ ಅಗಲ ಮಾಡಿಸಿತು. ಪೆಸಿಫಿಕ್ ಸಾಗರದಲ್ಲೇ ಓಡಾಡುವ ಹಡಗಿಗೆ ಪನಾಮಾದ ಹಂಗೇಕೆ ಎಂಬುದು ಅದರ ಪ್ರಶ್ನೆ. ಹಂಗು ಕಳಚಿದ ಮೇಲೆ ಗಾತ್ರ ನಾಗಾಲೋಟಕ್ಕೆ ಬಿದ್ದಿತು. 2006ರಲ್ಲಿ ಡೆನ್ಮಾರ್ಕಿನ ಒಡೆನ್ಸೆಯಲ್ಲಿ ಕಟ್ಟಿದ ‘ಎಮ್ಮಾ ಮಾರ್ಸ್ಕ್’ 397 ಮೀಟರ್ ಉದ್ದ, 56 ಮೀಟರ್ ಅಗಲವಿತ್ತು. ಅದರ ಡೆಕ್ಕಿನ ಮೇಲೆ ಅಡ್ಡಡ್ಡಲಾಗಿ 22 ಸಾಲು ಪೆಟ್ಟಿಗೆ.

ಅಲ್ಲಿಗೆ ಉದ್ದ ನಿಂತಿತು, ಅಗಲ ಬೆಳೆಯಿತು. 2013ರ ‘ಮಾರ್ಸ್ಕ್ ಮೆಕ್‌ಕಿನ್ನಿ ಮೊಲ್ಲರ್’ 400 ಮೀಟರ್ ಉದ್ದಕ್ಕೆ 59 ಮೀಟರ್ ಅಗಲ. 23 ಸಾಲು, 18,270 ಟಿಇಯು. 2015ರ ‘ಎಂಎಸ್‌ಸಿ ಆಸ್ಕರ್’ 19,224. 2017ರ ‘ಒಒಸಿಎಲ್ ಹಾಂಗ್‌ಕಾಂಗ್’ 21,413. 2019ರ ‘ಎಂಎಸ್‌ಸಿ ಗುಲ್ಸುನ್’ 24 ಸಾಲಿನ ಅಗಲಕ್ಕೆ ಬೆಳೆದು 23,756 ಮುಟ್ಟಿತು. 2022ರಲ್ಲಿ ‘ಎವರ್ ಅಲಾಟ್’ 24 ಸಾವಿರದ ಗೆರೆ ದಾಟಿತು. 2023ರಲ್ಲಿ ಬಂದ ‘ಎಂಎಸ್‌ಸಿ ಇರಿನಾ’ 24,346. ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ರೈಲು ಹಾಯುವುದನ್ನು ಕಂಡವರು ಈ ಸಂಖ್ಯೆಯನ್ನು ಹೀಗೆ ಲೆಕ್ಕ ಹಾಕಬಹುದು: ನಮ್ಮ ದೇಶದ ರೂಢಿಯ ಕಂಟೇನರ್ ರೈಲಿಗೆ 45 ವ್ಯಾಗನ್, 90 ಪೆಟ್ಟಿಗೆ. ‘ಇರಿನಾ’ ತುಂಬಬೇಕಾದರೆ ಅಂಥ ಸುಮಾರು 270 ರೈಲು ಬೇಕು.

ಗಾತ್ರವೇ ಉಳಿತಾಯ ಎನ್ನುವವರು

ಮೊದಲ ಪಂಥದ ವಾದ ಸರಳ. ಹಡಗು ದೊಡ್ಡದಾದಂತೆ ಅದರ ಒಡಲು ಬೆಳೆಯುವಷ್ಟು ವೇಗವಾಗಿ ನೀರನ್ನು ಉಜ್ಜುವ ಹೊರಮೈ ಬೆಳೆಯುವುದಿಲ್ಲ. ಎರಡರಷ್ಟು ಪೆಟ್ಟಿಗೆ ಹೊರಲು ಎರಡರಷ್ಟು ಉಕ್ಕು ಬೇಡ, ಎರಡರಷ್ಟು ಎಂಜಿನ್ ಬಲ ಬೇಡ, ಸಿಬ್ಬಂದಿಯಂತೂ ಹೆಚ್ಚುಕಡಿಮೆ ಅಷ್ಟೇ ಜನ. ಹೀಗಾಗಿ ಪೆಟ್ಟಿಗೆಯೊಂದರ ಮೇಲೆ ಬೀಳುವ ಖರ್ಚು ಇಳಿಯುತ್ತದೆ. ಏಷ್ಯಾ–ಯುರೋಪಿನಂಥ ದೂರದ ದಾರಿಯಲ್ಲಿ ಉಳಿತಾಯ ಇನ್ನೂ ಹೆಚ್ಚು. ಏಕೆಂದರೆ ಅಲ್ಲಿ ಹಡಗಿನ ಬಹುಪಾಲು ದಿನಗಳು ನೀರಿನ ಮೇಲೇ ಕಳೆಯುತ್ತವೆ. 2011ರಲ್ಲಿ ಮಾರ್ಸ್ಕ್ ಕಂಪನಿ ತನ್ನ ‘ಟ್ರಿಪಲ್ ಇ’ ಹಡಗುಗಳಿಗೆ ಕೊರಿಯದ ಡೇವೂ ಹಡಗು ನಿರ್ಮಾಣ ಕಟ್ಟೆಯಲ್ಲಿ ಆರ್ಡರ್ ಕೊಟ್ಟಾಗ ಮುಂದಿಟ್ಟದ್ದು ಇದೇ ತರ್ಕ: ಆ ದಾರಿಯ ಸರಾಸರಿಗೆ ಹೋಲಿಸಿದರೆ ಪೆಟ್ಟಿಗೆಯೊಂದಕ್ಕೆ ಇಂಗಾಲ ಅರ್ಧದಷ್ಟು ಕಡಿಮೆ ಎಂದು ಅದು ಹೇಳಿಕೊಂಡಿತು.

ಈ ಪಂಥ ವಿವರಿಸುವುದು ಬಹಳ. ಹಡಗು ಕಂಪನಿಗಳು ಒಂದರ ಹಿಂದೊಂದು ದೊಡ್ಡ ಹಡಗು ಕಟ್ಟಿಸಿದ್ದೇಕೆ, ಸಣ್ಣ ಕಂಪನಿಗಳು ಒಂದರೊಳಗೊಂದು ಲೀನವಾದದ್ದೇಕೆ, ಎದುರಾಳಿಗಳೇ ಕೂಟ ಕಟ್ಟಿಕೊಂಡು ಒಬ್ಬರ ಹಡಗಿನಲ್ಲಿ ಇನ್ನೊಬ್ಬರು ಜಾಗ ಹಂಚಿಕೊಂಡದ್ದೇಕೆ, ಎಲ್ಲಕ್ಕೂ ಇದರಲ್ಲಿ ಉತ್ತರವಿದೆ. ಆದರೆ ಈ ಲೆಕ್ಕ ನಿಲ್ಲುವುದು ಹಡಗು ತುಂಬಿದ್ದಾಗ ಮಾತ್ರ. ಅರೆ ತುಂಬಿದ 24 ಸಾವಿರದ ಹಡಗಿಗಿಂತ ಭರ್ತಿಯಾದ 14 ಸಾವಿರದ ಹಡಗೇ ಅಗ್ಗ.

ಮಧ್ಯಮ ಗಾತ್ರವೇ ಲೇಸು ಎನ್ನುವವರು

ಎರಡನೆಯ ಪಂಥ ಲೆಕ್ಕವನ್ನು ಬಂದರಿನಿಂದ ಶುರುಮಾಡುತ್ತದೆ. ಮಹಾ ಹಡಗು ಬಂದರೆ ಕ್ರೇನಿನ ತೋಳು 24 ಸಾಲು ದಾಟಬೇಕು, ತುಂಬಿದ ಹಡಗಿಗೆ 16 ಮೀಟರಿಗೂ ಹೆಚ್ಚು ಆಳ ಬೇಕು, ತಿರುಗಲು ವಿಶಾಲ ಜಾಗ ಬೇಕು. ಒಂದೇ ಸಲಕ್ಕೆ ಸಾವಿರಾರು ಪೆಟ್ಟಿಗೆ ಇಳಿದರೆ ಅಂಗಳ, ಲಾರಿ, ರೈಲು ಎಲ್ಲವೂ ಎರಡು ದಿನ ಉಸಿರುಗಟ್ಟಿ, ಆಮೇಲೆ ಖಾಲಿ ಕೂರುತ್ತವೆ. 2015ರಲ್ಲಿ ಅಂತರರಾಷ್ಟ್ರೀಯ ಸಾರಿಗೆ ವೇದಿಕೆ ಎಂಬ, ಒಇಸಿಡಿಗೆ ಸೇರಿದ ಸಂಸ್ಥೆ ಮಹಾ ಹಡಗುಗಳ ಪರಿಣಾಮ ಕುರಿತು ವರದಿ ಹೊರತಂದಿತು. ಹೊಸ ಪೀಳಿಗೆಯ ಹಡಗುಗಳ ಉಳಿತಾಯದಲ್ಲಿ ಶೇ 60ರಷ್ಟು ಬಂದದ್ದು ಉತ್ತಮ ಎಂಜಿನ್ನಿನಿಂದ ಎಂಬುದು ಅದರ ಕಂಡುಕೊಳ್ಳುವಿಕೆ. ಗಾತ್ರ ಹೆಚ್ಚಿದಷ್ಟೂ ಹೆಚ್ಚುವರಿ ಉಳಿತಾಯ ಸಣ್ಣದಾಗುತ್ತ ಹೋಗುತ್ತದೆ ಎಂದೂ ಅದು ಹೇಳಿತು. ಲಾಭ ಹಡಗು ಕಂಪನಿಗೆ, ಹೂಳೆತ್ತುವ ಖರ್ಚು ಸಾರ್ವಜನಿಕ ಹಣಕ್ಕೆ ಎಂಬ ದೂರು ಅಲ್ಲಿಂದ ಗಟ್ಟಿಯಾಯಿತು.

2016ರ ಜೂನ್ 26ರಂದು ಪನಾಮಾದ ಹೊಸ ಜಲದ್ವಾರಗಳು ತೆರೆದದ್ದು ಈ ಪಂಥಕ್ಕೆ ಬಲ ಕೊಟ್ಟಿತು. ಅವುಗಳಲ್ಲಿ ಹಾಯಬಲ್ಲ, ಸುಮಾರು 366 ಮೀಟರ್ ಉದ್ದ, 50 ಮೀಟರ್ ಆಸುಪಾಸು ಅಗಲದ ಹಡಗು ಯಾವ ಸಾಗರಕ್ಕೂ ಒಗ್ಗುತ್ತದೆ. ಒಂದು ದಾರಿಯಲ್ಲಿ ಸರಕು ತಗ್ಗಿದರೆ ಇನ್ನೊಂದಕ್ಕೆ ಕಳುಹಿಸಬಹುದು. ಗಾತ್ರದ ಓಟಕ್ಕೆ ದಾರಿ ತೋರಿದ ಮಾರ್ಸ್ಕ್ ಕಂಪನಿಯೇ ಇತ್ತೀಚೆಗೆ ಕಟ್ಟಿಸಿದ ದೊಡ್ಡ ಹಡಗುಗಳು 16–17 ಸಾವಿರ ಟಿಇಯು ಮಟ್ಟದಲ್ಲಿವೆ. 2025ರ ಫೆಬ್ರವರಿಯಿಂದ ಅದು ಜರ್ಮನಿಯ ಹಪಾಗ್–ಲಾಯ್ಡ್ ಜೊತೆ ಸೇರಿ ‘ಜೆಮಿನಿ’ ಎಂಬ ಜಾಲ ನಡೆಸುತ್ತಿದೆ. ದೊಡ್ಡ ಹಡಗು ಕೆಲವೇ ಬಂದರುಗಳಲ್ಲಿ ನಿಲ್ಲುವುದು, ಉಳಿದ ಊರುಗಳಿಗೆ ಸಣ್ಣ ಹಡಗು ಓಡುವುದು, ಸಮಯ ತಪ್ಪದಿರುವುದು ಆ ಜಾಲದ ಗುರಿ. ಇತ್ತ ಎಂಎಸ್‌ಸಿ ಕಂಪನಿ 24 ಸಾವಿರದ ಹಡಗುಗಳನ್ನು ಸಾಲುಸಾಲಾಗಿ ಇಳಿಸಿದೆ. ಜಗತ್ತಿನ ಎರಡು ಅತಿ ದೊಡ್ಡ ಕಂಪನಿಗಳು ಎರಡು ಪಂಥಗಳಲ್ಲಿ ನಿಂತಿವೆ.

ಬ್ರಿಡ್ಜ್ ಎಲ್ಲಿರಬೇಕು?

ಹಡಗುಪ್ರಿಯರ ನಡುವೆ ಅತಿ ಹೆಚ್ಚು ವಾದ ನಡೆಯುವುದು ಇಲ್ಲಿ. ಹಡಗನ್ನು ನಡೆಸುವ ಕೋಣೆ, ಅಂದರೆ ಬ್ರಿಡ್ಜ್, ಸಿಬ್ಬಂದಿಯ ವಸತಿ ಗೋಪುರದ ತುದಿಯಲ್ಲಿರುತ್ತದೆ. ಅದರ ಜಾಗಕ್ಕೆ ಈಗ ಮೂರು ಮಾದರಿಗಳಿವೆ.

ಹಳೆಯ ಮಾದರಿಯಲ್ಲಿ ವಸತಿ, ಎಂಜಿನ್, ಹೊಗೆಕೊಳವೆ ಎಲ್ಲವೂ ಹಿಂಭಾಗದ ಒಂದೇ ಗೋಪುರದಲ್ಲಿ. ‘ಎಮ್ಮಾ ಮಾರ್ಸ್ಕ್’ ಹೀಗಿದೆ. ಕಟ್ಟಲು ಸುಲಭ, ಆದರೆ ನೋಟಕ್ಕೆ ಅಡ್ಡಿ. ಬ್ರಿಡ್ಜಿನಿಂದ ಮುಂದಕ್ಕೆ ನೋಡಿದಾಗ ಸಮುದ್ರದ ಮೇಲ್ಮೈ ಎರಡು ಹಡಗುದ್ದ ಅಥವಾ 500 ಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ದೂರ ಮರೆಯಾಗಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಹಾಗಾಗಿ ಬ್ರಿಡ್ಜಿನ ಮುಂದಿನ ಪೆಟ್ಟಿಗೆಗಳನ್ನು ಎತ್ತರ ಪೇರಿಸುವಂತಿಲ್ಲ. ಬ್ರಿಡ್ಜ್ ಹಿಂದೆ ಸರಿದಷ್ಟೂ ನಷ್ಟ ಹೆಚ್ಚು.

ಎರಡನೆಯದು ಜೋಡಿಗೋಪುರ. ವಸತಿ ಮತ್ತು ಬ್ರಿಡ್ಜ್ ಮುಂದಕ್ಕೆ, ಎಂಜಿನ್ ಮತ್ತು ಹೊಗೆಕೊಳವೆ ಹಿಂದಕ್ಕೆ. ಇಂದಿನ 400 ಮೀಟರ್ ಹಡಗುಗಳೆಲ್ಲ ಹೆಚ್ಚುಕಡಿಮೆ ಈ ಮಾದರಿಯವೇ. ಇದರ ಲಾಭ ನೋಟದ್ದೊಂದೇ ಅಲ್ಲ. ಕಂಟೇನರ್ ಹಡಗಿನ ನೆತ್ತಿ ತೆರೆದಿರುತ್ತದೆ; ಮುಚ್ಚಳವಿಲ್ಲದ ಉದ್ದ ತೊಟ್ಟಿಯ ಹಾಗೆ ಅದು ಅಲೆಯಲ್ಲಿ ತಿರುಚಿಕೊಳ್ಳುತ್ತದೆ. ನಡುವೆ ಎರಡು ಕಡೆ ಮುಚ್ಚಿದ ಭಾಗ ಬಂದರೆ ತಿರುಚು ತಡೆಯುವ ಬಲ ಹೆಚ್ಚುತ್ತದೆ. ಇಂಧನ ತೊಟ್ಟಿಗಳನ್ನು ಹೊರಮೈಗೆ ತಾಗದಂತೆ ಇಡಬೇಕೆಂಬ ನಿಯಮ ಬಂದ ಮೇಲೆ ವಸತಿ ಗೋಪುರದ ಕೆಳಗಿನ ಜಾಗ ಅದಕ್ಕೂ ಒದಗಿತು.

ಮೂರನೆಯದು ಹೊಸದು. 2024ರ ಜನವರಿಯಲ್ಲಿ ಬಂದ, ಮೆಥನಾಲ್‌ನಿಂದಲೂ ಓಡಬಲ್ಲ ‘ಆನೆ ಮಾರ್ಸ್ಕ್’ ಹಡಗಿನಲ್ಲಿ ವಸತಿ ಮತ್ತು ಬ್ರಿಡ್ಜ್ ಪೂರ್ತಿ ಮೂತಿಗೇ ಹೋಗಿವೆ. ಹೊಗೆಕೊಳವೆ ಹಿಂದೆ, ಅದೂ ಒಂದೇ ಪಕ್ಕದಲ್ಲಿ. ಬ್ರಿಡ್ಜಿನ ಮುಂದೆ ಪೆಟ್ಟಿಗೆಯೇ ಇಲ್ಲವಾದ್ದರಿಂದ ಹಿಂದೆ ಎಷ್ಟೆತ್ತರ ಪೇರಿಸಿದರೂ ನೋಟಕ್ಕೆ ಅಡ್ಡಿಯಿಲ್ಲ. ಬಂದರಿನಲ್ಲಿ ಕ್ರೇನುಗಳು ತಡೆಯಿಲ್ಲದೆ ಉದ್ದಕ್ಕೂ ಸರಿಯಬಹುದು. ಆದರೆ ಬೆಲೆ ಇದೆ. ಹಡಗಿನ ಬೆನ್ನಿಗೆ ಆಸರೆಯಾಗಿದ್ದ ಗೋಪುರ ತುದಿಗೆ ಹೋದಾಗ ಆ ಬಲವನ್ನು ಬೇರೆ ಕಡೆಯಿಂದ ತರಬೇಕಾಯಿತು. ಜೀವರಕ್ಷಕ ದೋಣಿ, ಸಂಚಾರ ದೀಪಗಳ ಜೋಡಣೆ ಹೊಸದಾಗಿ ಯೋಚಿಸಬೇಕಾಯಿತು. ಹಿಂದಿನದ್ದನ್ನು ಕಾಣಲು ಕ್ಯಾಮೆರಾ ಬೇಕಾಯಿತು. ಅಲೆ ಬಡಿಯುವ ಮೂತಿಯಲ್ಲೇ ಮಲಗುವ ಸಿಬ್ಬಂದಿಯ ನಿದ್ದೆ, ಆರೋಗ್ಯ ಏನಾಗುತ್ತದೆ ಎಂಬ ಪ್ರಶ್ನೆಯನ್ನು ವಿರೋಧಿಗಳು ಎತ್ತುತ್ತಾರೆ. ಹಡಗು ಮುಂದೆ ಸಾಗುವಾಗ ಹೊಗೆ ಹಿಂದಕ್ಕೆ ಹೋಗುತ್ತದೆ, ಬೆಂಕಿ ಬಿದ್ದರೆ ಮೂತಿಯೇ ಕ್ಷೇಮ ಎಂದು ಪರವಾಗಿರುವವರು ಉತ್ತರಿಸುತ್ತಾರೆ.

ವೇಗ, ಒಡಲು, ಮೂತಿ

‘ಎಮ್ಮಾ’ ಕಾಲದ ವಿನ್ಯಾಸಕ್ಕೆ ವೇಗವೇ ದೇವರು. 25 ನಾಟ್ ವೇಗದಲ್ಲಿ ಓಡಲು ಅದಕ್ಕೆ 14 ಸಿಲಿಂಡರಿನ, 80 ಮೆಗಾವಾಟ್ ಬಲದ ಒಂದೇ ಎಂಜಿನ್. 2008ರ ಆರ್ಥಿಕ ಕುಸಿತ ಮತ್ತು ತೈಲದ ಬೆಲೆ ಆ ನಂಬಿಕೆ ಅಲುಗಿಸಿದವು. ಹಡಗಿಗೆ ಬೇಕಾದ ಬಲ ಸುಮಾರಾಗಿ ವೇಗದ ಘನಕ್ಕೆ ಅನುಗುಣ. 24 ನಾಟಿನಿಂದ 18ಕ್ಕೆ ಇಳಿದರೆ ಬಲ ಅರ್ಧಕ್ಕಿಂತ ಕಡಿಮೆ ಸಾಕು. ಪ್ರಯಾಣ ಮೂರನೇ ಒಂದರಷ್ಟು ಉದ್ದವಾದರೂ ಅದೇ ದೂರಕ್ಕೆ ಇಂಧನ ಶೇ 40ಕ್ಕೂ ಹೆಚ್ಚು ಉಳಿಯುತ್ತದೆ. ನಿಧಾನದ ಓಟ ಅಲ್ಲಿಂದ ರೂಢಿಯಾಯಿತು.

ನಿಧಾನ ಓಡುವ ಹಡಗಿಗೆ ಚೂಪು ಒಡಲು ಬೇಡ. ‘ಟ್ರಿಪಲ್ ಇ’ ಹಡಗಿನ ಅಡ್ಡಕೊಯ್ತ ಅಗಲ ತಳದ್ದು. ಕೆಳಗೂ ಹೆಚ್ಚು ಪೆಟ್ಟಿಗೆ ಹಿಡಿಸುತ್ತದೆ. ಅದಕ್ಕೆ ತಲಾ 30 ಮೆಗಾವಾಟ್ ಆಸುಪಾಸಿನ ಎರಡು ಎಂಜಿನ್, ಎರಡು ಪ್ರೊಪೆಲ್ಲರ್. ಎರಡಿದ್ದರೆ ಪ್ರೊಪೆಲ್ಲರ್ ಮೇಲಿನ ಹೊರೆ ಹಂಚಿಹೋಗಿ ದಕ್ಷತೆ ಹೆಚ್ಚುತ್ತದೆ, ಒಂದು ಕೆಟ್ಟರೂ ಹಡಗು ಅನಾಥವಾಗುವುದಿಲ್ಲ ಎಂಬುದು ಆ ಕಡೆಯ ವಾದ. ಎರಡು ಎಂಜಿನ್ ಎಂದರೆ ಎರಡು ಪಟ್ಟು ದುರಸ್ತಿ, ಒಂದು ದೊಡ್ಡದೇ ಸಾಕು ಎಂಬುದು ಈ ಕಡೆಯದು. ಆಮೇಲೆ ಬಂದ ‘ಸಿಎಸ್‌ಸಿಎಲ್ ಗ್ಲೋಬ್’, ‘ಎಂಎಸ್‌ಸಿ ಆಸ್ಕರ್’ ಒಂದೇ ಎಂಜಿನ್ನಿಗೆ ಮರಳಿದವು. ಸದ್ಯಕ್ಕೆ ಕಟ್ಟೆಗಳಲ್ಲಿ ಗೆದ್ದಿರುವುದು ಒಂದೇ ಎಂಜಿನ್ನಿನ ಪಕ್ಷ.

ಮೂತಿಯೂ ಬದಲಾಗಿದೆ. ನೀರಿನಡಿ ಮುಂಚಾಚಿದ ಉಬ್ಬು ಮೂಗು ತನ್ನ ಅಲೆಯಿಂದ ಹಡಗಿನ ಅಲೆಯನ್ನು ಕತ್ತರಿಸುತ್ತದೆ. ಆದರೆ ಅದು ಒಂದು ನಿರ್ದಿಷ್ಟ ವೇಗಕ್ಕೆ ಮಾತ್ರ ಹೊಂದುತ್ತದೆ. ನಿಧಾನದ ಕಾಲದಲ್ಲಿ ಎಷ್ಟೋ ಹಡಗುಗಳ ಮೂಗನ್ನು ಕತ್ತರಿಸಿ ಹೊಸದು ಕೂಡಿಸಿದರು. ಹೊಸ ಹಡಗುಗಳಲ್ಲಿ ನೆಟ್ಟಗಿನ ಮೂತಿ ಹೆಚ್ಚು. ಪೆಟ್ಟಿಗೆಗಳ ಗೋಡೆಗೆ ಗಾಳಿ ಬಡಿಯದಂತೆ ಮುಂದೆ ಬಾಗಿದ ತಡೆಗೋಡೆಯೂ ಕೆಲವಕ್ಕಿದೆ.

ಇಂಧನದ ಕವಲುದಾರಿ

ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2023ರಲ್ಲಿ, 2050ರ ಹೊತ್ತಿಗೆ ಹಡಗುಗಳ ನಿವ್ವಳ ಹೊರಸೂಸುವಿಕೆ ಶೂನ್ಯಕ್ಕಿಳಿಯಬೇಕೆಂಬ ಗುರಿ ಒಪ್ಪಿತು. ಹಡಗೊಂದರ ಆಯುಷ್ಯ 25 ವರ್ಷದಷ್ಟು. ಹಾಗಾಗಿ ಇಂದು ಕಟ್ಟುವ ಹಡಗು ಅಂದಿಗೂ ತೇಲುತ್ತಿರುತ್ತದೆ.

ಒಂದು ಕವಲು ದ್ರವೀಕೃತ ನೈಸರ್ಗಿಕ ಅನಿಲ, ಎಲ್‌ಎನ್‌ಜಿ. ಫ್ರಾನ್ಸಿನ ಸಿಎಂಎ ಸಿಜಿಎಂ ಕಂಪನಿಯ ‘ಜಾಕ್ ಸಾದೆ’ 2020ರಲ್ಲಿ ಬಂದ, ಎಲ್‌ಎನ್‌ಜಿಯಿಂದ ಓಡುವ ಮೊದಲ 23 ಸಾವಿರದ ಹಡಗು. ಮೈನಸ್ 162 ಡಿಗ್ರಿಯಲ್ಲಿ ಅನಿಲ ಹಿಡಿದಿಡುವ 18,600 ಘನ ಮೀಟರಿನ ತೊಟ್ಟಿ ಅದರ ಒಡಲಲ್ಲಿದೆ. ಗಂಧಕ, ಮಸಿ ಬಹುತೇಕ ಇಲ್ಲ. ಆದರೆ ಸುಡದೆ ಸೋರುವ ಮೀಥೇನ್ ಭೂಮಿಯನ್ನು ಇಂಗಾಲದ ಡೈ ಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಬಿಸಿಮಾಡುತ್ತದೆ. ಇನ್ನೊಂದು ಕವಲು ಮೆಥನಾಲ್. ಅದನ್ನು ಸಾಮಾನ್ಯ ಉಷ್ಣತೆಯಲ್ಲೇ ಇಡಬಹುದು. ಆದರೆ ಅಷ್ಟೇ ಶಕ್ತಿಗೆ ಹಳೆಯ ಎಣ್ಣೆಗಿಂತ ಎರಡು ಪಟ್ಟಿಗೂ ಮೀರಿದ ಜಾಗ ಬೇಕು, ಅಂದರೆ ಪೆಟ್ಟಿಗೆಗಳ ಜಾಗಕ್ಕೆ ಕತ್ತರಿ. ಜೊತೆಗೆ ಹಸಿರು ಮೆಥನಾಲ್ ಸಾಕಷ್ಟು ಸಿಗುತ್ತಿಲ್ಲ. ಮೂತಿಗೆ ಬ್ರಿಡ್ಜ್ ತಳ್ಳಿದ ವಿನ್ಯಾಸವನ್ನು ಈ ಇಂಧನದಿಂದ ಬೇರ್ಪಡಿಸಿ ನೋಡಲಾಗದು. ತೊಟ್ಟಿ ತಿಂದ ಜಾಗವನ್ನು ಡೆಕ್ಕಿನ ಮೇಲೆ ಮರಳಿ ಗಳಿಸುವ ಉಪಾಯವದು.

ಮೆಥನಾಲ್ ಪಂಥದ ಮುಂದಾಳಾಗಿದ್ದ ಮಾರ್ಸ್ಕ್ 2024ರಲ್ಲಿ ಅನಿಲದಿಂದ ಓಡುವ ಹಡಗುಗಳಿಗೂ ಆರ್ಡರ್ ಕೊಟ್ಟಿತು. 2025ರ ಅಕ್ಟೋಬರಿನಲ್ಲಿ ಸಾಗರ ಸಂಸ್ಥೆಯ ಸಭೆ ಇಂಗಾಲಕ್ಕೆ ಬೆಲೆ ಕಟ್ಟುವ ನಿಯಮದ ಅಂಗೀಕಾರವನ್ನು ಒಂದು ವರ್ಷ ಮುಂದೂಡಿತು. ಯಾವ ಇಂಧನಕ್ಕೆ ತೊಟ್ಟಿ ಕಟ್ಟಬೇಕೆಂದು ತಿಳಿಯದ ವಿನ್ಯಾಸಕಾರ ಎರಡೂ ಬಗೆಗೆ ಒಗ್ಗುವ ಹಡಗು ಕಟ್ಟುತ್ತಾನೆ.

ಕ್ಷೇಮವೇ ಮೊದಲು ಎನ್ನುವವರು

ಈ ಪಂಥದವರು ಅವಘಡಗಳಿಂದ ಪಾಠ ಕಲಿಯುತ್ತಾರೆ. 2013ರ ಜೂನ್ 17ರಂದು ಅರಬ್ಬಿ ಸಮುದ್ರದಲ್ಲಿ, ಕಟ್ಟಿ ಐದೇ ವರ್ಷವಾಗಿದ್ದ ‘ಎಂಒಎಲ್ ಕಂಫರ್ಟ್’ ನಡುವೆ ಮುರಿದು ಎರಡಾಯಿತು. ಎರಡು ತುಂಡೂ ಮುಳುಗಿದವು. ಆಮೇಲೆ ಹಡಗು ವರ್ಗೀಕರಣ ಸಂಸ್ಥೆಗಳು ಕಂಟೇನರ್ ಹಡಗಿನ ಒಡಲ ಬಲಕ್ಕೆ ಪ್ರತ್ಯೇಕ ನಿಯಮ ತಂದವು. 2020ರ ನವೆಂಬರ್ 30ರಂದು ಪೆಸಿಫಿಕ್ಕಿನಲ್ಲಿ ‘ಒನ್ ಆಪಸ್’ ತೀವ್ರವಾಗಿ ಹೊರಳಾಡಿ 1,816 ಪೆಟ್ಟಿಗೆಗಳನ್ನು ಕಳೆದುಕೊಂಡಿತು. ಅಗಲದ ಹಡಗು ಹೊರಳಿದರೆ ಥಟ್ಟನೆ ನೆಟ್ಟಗಾಗುತ್ತದೆ; ಆ ಜಗ್ಗಿಗೆ ಮೇಲಿನ ಪೆಟ್ಟಿಗೆಗಳ ಕಟ್ಟು ಕಿತ್ತುಬರುತ್ತದೆ. ಅಗಲ ಬೆಳೆಸಿದ್ದಕ್ಕೆ ತೆತ್ತ ಬೆಲೆಯಿದು. 2021ರ ಮಾರ್ಚ್ 23ರಂದು 400 ಮೀಟರಿನ ‘ಎವರ್ ಗಿವನ್’ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು.

ಎಲ್ಲಕ್ಕಿಂತ ಭಯ ಬೆಂಕಿಯದು. 2018ರ ಮಾರ್ಚಿನಲ್ಲಿ ಅರಬ್ಬಿ ಸಮುದ್ರದಲ್ಲಿ ‘ಮಾರ್ಸ್ಕ್ ಹೊನಾಮ್’ ಹೊತ್ತಿ ಐವರು ಸತ್ತರು. ಅದು ಒಂದು ವರ್ಷವೂ ತುಂಬದ ಜೋಡಿಗೋಪುರದ ಹಡಗು. ಬೆಂಕಿ ಹುಟ್ಟಿದ್ದು ವಸತಿಯ ಮುಂದಿನ ಉಗ್ರಾಣದಲ್ಲಿ. ಹಡಗು ದೊಡ್ಡದಾದರೂ ಬೆಂಕಿ ಆರಿಸಲು ಇರುವವರು ಇಪ್ಪತ್ತು ಚಿಲ್ಲರೆ ಜನ. ಹತ್ತಾರು ಪೆಟ್ಟಿಗೆ ಎತ್ತರದ ರಾಶಿಯ ನಡುವೆ ಹೊತ್ತಿದ್ದನ್ನು ಅವರ ಮೆದುಗೊಳವೆ ಮುಟ್ಟುವುದಿಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂದು ಸುಳ್ಳು ಬರೆದುಕೊಡುವ ಸರಕಿನವರೂ ಇದ್ದಾರೆ. ಈ ಪಂಥದವರಿಗೆ ಗಾತ್ರದ ಉಳಿತಾಯದ ಲೆಕ್ಕವೇ ಅಪೂರ್ಣ, ಏಕೆಂದರೆ ಅದರಲ್ಲಿ ಇವ್ಯಾವುವೂ ಸೇರಿಲ್ಲ.

ನಮ್ಮ ಕರಾವಳಿಯಿಂದ ನೋಡಿದರೆ

2025ರ ಜೂನ್ 9 ಈ ಚರ್ಚೆಯ ಎರಡು ಮುಖಗಳನ್ನು ಒಂದೇ ದಿನ ನಮ್ಮೆದುರು ಇಟ್ಟಿತು. ಅಂದು ಬೆಳಿಗ್ಗೆ ‘ಎಂಎಸ್‌ಸಿ ಇರಿನಾ’ ಕೇರಳದ ವಿಳಿಞ್ಞಂ ಬಂದರಿಗೆ ಬಂದು ನಿಂತಿತು. ಅದೇ ಬೆಳಿಗ್ಗೆ ಕೊಲಂಬೊದಿಂದ ಮುಂಬೈ ಬಳಿಯ ನ್ಹಾವಾ ಶೇವಾಕ್ಕೆ ಹೊರಟಿದ್ದ ‘ವಾನ್ ಹೈ 503’ ಎಂಬ, ಇಪ್ಪತ್ತು ವರ್ಷ ಹಳೆಯ ಹಡಗಿಗೆ ಉತ್ತರ ಕೇರಳದಾಚೆ ಬೆಂಕಿ ಬಿತ್ತು. 22 ಮಂದಿಯಲ್ಲಿ ಪಾರಾದ 18 ಮಂದಿಯನ್ನು ನೌಕಾಪಡೆಯ ಹಡಗು ತಂದು ಇಳಿಸಿದ್ದು ನವಮಂಗಳೂರು ಬಂದರಿಗೆ. ಅದಕ್ಕೆ ಹದಿನೈದು ದಿನ ಮುಂಚೆ, ಮೇ 25ರಂದು, 1997ರಲ್ಲಿ ಕಟ್ಟಿದ ‘ಎಂಎಸ್‌ಸಿ ಎಲ್ಸಾ 3’ ಎಂಬ ಫೀಡರ್ ಹಡಗು ಕೊಚ್ಚಿಯಾಚೆ ಸುಮಾರು 640 ಪೆಟ್ಟಿಗೆಗಳೊಡನೆ ಮುಳುಗಿ, ಪ್ಲಾಸ್ಟಿಕ್ ಕಾಳುಗಳು ಕೇರಳದ ದಡ ತುಂಬಿದವು. ಹೊಸ ಮಹಾ ಹಡಗುಗಳ ವಿನ್ಯಾಸ ಹೋಲಿಸುವಾಗ ಅವುಗಳಿಗೆ ಸರಕು ಉಣಿಸುವ ಹಳೆಯ ಸಣ್ಣ ಹಡಗುಗಳು ಮರೆತೇಹೋಗುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರ ಜನವರಿ 11ರಂದು. ದಡವನ್ನು ಅಗೆದು ನೀರು ತುಂಬಿಸಿ ಮಾಡಿದ ಬಂದರು ಅದು. ಭರ್ತಿಯಾದ 400 ಮೀಟರಿನ ಕಂಟೇನರ್ ಹಡಗಿಗೆ ಬೇಕಾದ ಆಳ, ತಿರುಗುದಾಣ ಅಲ್ಲಿಲ್ಲ. ವಿಳಿಞ್ಞಂಗೆ ಸ್ವಾಭಾವಿಕ ಆಳವಿದೆ, ಅಂತರರಾಷ್ಟ್ರೀಯ ಹಡಗು ದಾರಿ ಹತ್ತಿರ. 2025ರ ಮೇ 2ರಂದು ಅದು ವಿಧ್ಯುಕ್ತವಾಗಿ ಲೋಕಾರ್ಪಣೆಯಾಯಿತು. ಮಹಾರಾಷ್ಟ್ರದ ವಾಢವಣದಲ್ಲಿ 2024ರ ಆಗಸ್ಟಿನಲ್ಲಿ ಇನ್ನೊಂದು ಆಳದ ಬಂದರಿಗೆ ಅಡಿಗಲ್ಲು ಬಿತ್ತು. ಇವೆರಡರಿಂದ ಕೊಲಂಬೊದ ಮೇಲಿನ ಅವಲಂಬನೆ ತಗ್ಗಬಹುದು. ಆದರೂ ಬೇಲೂರಿನ ಪೆಟ್ಟಿಗೆ ಎರಡು ಹಡಗು ಹತ್ತುವುದು ತಪ್ಪದು. ಬದಲಾಗುವುದು ನಡುವಿನ ಬಂದರಷ್ಟೇ.

ದಡದಿಂದ ಒಳಗಿನ ಕಥೆ ಇನ್ನೂ ಬಿಗಿ. ಶಿರಾಡಿ ಘಾಟಿಯ ರಸ್ತೆ ಮಳೆಗಾಲದಲ್ಲಿ ಕುಸಿಯುತ್ತದೆ. ಅರಸೀಕೆರೆಯಿಂದ ಹಾಸನದ ಮೂಲಕ ಮಂಗಳೂರು ತಲುಪುವ ರೈಲು ದಾರಿಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಾಟಿ. 2018ರ ಆಗಸ್ಟ್ ಮತ್ತು 2024ರ ಜುಲೈ ಮಳೆಗಳಲ್ಲಿ ಅಲ್ಲಿ ಗುಡ್ಡ ಜರಿದು ಓಡಾಟ ನಿಂತಿತ್ತು. ಹಡಗು ಎಷ್ಟು ದೊಡ್ಡದಿದ್ದರೇನು, ಪೆಟ್ಟಿಗೆ ಘಾಟಿಯಲ್ಲೇ ನಿಂತರೆ ಬೆಳೆಗಾರನಿಗೆ ಅದರ ಉಳಿತಾಯ ದಕ್ಕದು. 2021ರಲ್ಲಿ ಖಾಲಿ ಪೆಟ್ಟಿಗೆಗಳೇ ಸಿಗದೆ, 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಂದ ಹಡಗುಗಳು ಆಫ್ರಿಕಾ ಸುತ್ತಿ ಹೋಗುವಂತಾಗಿ, ಕಾಫಿ ರಫ್ತಿನವರು ಬಾಡಿಗೆಯ ಏರಿಕೆ ಕಂಡರು.

ಸಣ್ಣ ಹಡಗುಗಳ ಬಗ್ಗೆ ಒಳ್ಳೆಯ ಸುದ್ದಿಯೂ ಇದೆ. ಸಿಎಂಎ ಸಿಜಿಎಂ ಕಂಪನಿ ತಲಾ 1,700 ಟಿಇಯುವಿನ, ಎಲ್‌ಎನ್‌ಜಿಯಿಂದ ಓಡುವ ಆರು ಹಡಗುಗಳನ್ನು ಕೊಚ್ಚಿ ಶಿಪ್‌ಯಾರ್ಡಿನಲ್ಲಿ ಕಟ್ಟಿಸಲು 2025ರಲ್ಲಿ ಒಪ್ಪಂದದ ಹೆಜ್ಜೆಯಿಟ್ಟಿತು. ಅದೇ ಸಂಸ್ಥೆಯ ಅಂಗವಾದ ಮಲ್ಪೆಯ ಉಡುಪಿ ಕೊಚ್ಚಿ ಶಿಪ್‌ಯಾರ್ಡ್ ಟಗ್‌ಗಳನ್ನೂ ನಾರ್ವೆಯ ಕಂಪನಿಗೆ ಸಣ್ಣ ಸರಕು ಹಡಗುಗಳನ್ನೂ ಕಟ್ಟುತ್ತಿದೆ.

ಇತ್ಯರ್ಥವಾಗದ ಪ್ರಶ್ನೆಗಳು

ಮೊದಲನೆಯದು, ಗಾತ್ರದ ಓಟ ಮುಗಿಯಿತೇ? 2013ರಿಂದ 2019ರವರೆಗೆ ಸಾಮರ್ಥ್ಯ ಐದು ಸಾವಿರಕ್ಕೂ ಹೆಚ್ಚು ಏರಿತು. 2019ರ ‘ಗುಲ್ಸುನ್’ನಿಂದ 2023ರ ‘ಇರಿನಾ’ವರೆಗೆ ಏರಿದ್ದು 590 ಮಾತ್ರ. ಇದು ದಣಿವೋ ವಿರಾಮವೋ ಹೇಳಲಾಗದು. ಎರಡನೆಯದು, ಮೂತಿಯ ಬ್ರಿಡ್ಜ್. ಅದು ಸಮುದ್ರ ಕಂಡು ಕೆಲವೇ ವರ್ಷ. ಇಪ್ಪತ್ತು ಮಳೆಗಾಲ ಕಂಡ ಮೇಲೆ ಅದರ ಉಕ್ಕು, ಅದರೊಳಗಿನ ಜನ ಹೇಗಿರುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. ಮೂರನೆಯದು, ಇಂಧನ: ಅನಿಲವೋ ಮೆಥನಾಲೋ ಅಮೋನಿಯಾವೋ ಎಂಬುದನ್ನು ವಿನ್ಯಾಸಕಾರರ ಜಾಣ್ಮೆಗಿಂತ ಸರ್ಕಾರಗಳ ತೀರ್ಮಾನವೇ ನಿರ್ಧರಿಸಲಿದೆ. ನಾಲ್ಕನೆಯದು, ಬೆಂಕಿ: 24 ಸಾವಿರ ಪೆಟ್ಟಿಗೆಗಳ ನಡುವೆ ಹೊತ್ತಿದ ಒಂದನ್ನು ಆರಿಸುವ ನಂಬಲರ್ಹ ದಾರಿ ಇನ್ನೂ ಸಿಕ್ಕಿಲ್ಲ. ಐದನೆಯದು, ಆಳ ತೋಡುವ, ಕ್ರೇನ್ ಎತ್ತರಿಸುವ, ಹಳಿ ಹಾಸುವ ಖರ್ಚನ್ನು ಯಾರು ಹೊರಬೇಕು?

ಈ ಪ್ರಶ್ನೆಗಳಿಗೆ ಉತ್ತರ ಬರುವವರೆಗೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬಹುದು. ಹೊತ್ತ ಪೆಟ್ಟಿಗೆಗಳ ಸಂಖ್ಯೆಯಿಂದ ಮಾತ್ರ ಹಡಗಿನ ವಿನ್ಯಾಸ ಅಳೆಯುವ ಕಾಲ ಮುಗಿದಿದೆ. ಅದು ಎಷ್ಟು ತುಂಬಿ ಓಡುತ್ತದೆ, ಪೆಟ್ಟಿಗೆಯೊಂದಕ್ಕೆ ಎಷ್ಟು ಇಂಧನ ಸುಡುತ್ತದೆ, ಎಷ್ಟು ಬಂದರುಗಳಿಗೆ ಹೊಕ್ಕುಬರುತ್ತದೆ, ಒಳಗಿನ ಜನರನ್ನು ಎಷ್ಟು ಕ್ಷೇಮವಾಗಿ ದಡ ಸೇರಿಸುತ್ತದೆ, ಈ ನಾಲ್ಕನ್ನೂ ಕೂಡಿಸಿ ನೋಡಬೇಕು. ಹಾಗೆ ನೋಡಿದರೆ ಇಂದಿನ 14ರಿಂದ 17 ಸಾವಿರದ ಹಡಗು 24 ಸಾವಿರದ್ದಕ್ಕಿಂತ ಹೆಚ್ಚು ಸಮತೂಕದ ವಿನ್ಯಾಸ ಎಂಬುದು ನನ್ನ ತೀರ್ಮಾನ. ಹಡಗುಗಳನ್ನು ಪ್ರೀತಿಸುವ ಓದುಗರಲ್ಲಿ ಒಂದು ಕೋರಿಕೆ: ಪಣಂಬೂರಿನ ದಡಕ್ಕೆ ಹೋದಾಗ ದಿಗಂತದ ದೊಡ್ಡ ಹಡಗಿನ ಜೊತೆಗೆ ಬಂದರಿಗೆ ಬರುವ ಸಣ್ಣ ಫೀಡರನ್ನೂ ಗಮನಿಸಿ, ಅದು ಯಾವ ವರ್ಷ ಕಟ್ಟಿದ್ದೆಂದು ವಿಚಾರಿಸಿ. ನಮ್ಮ ಕಾಫಿಯ, ನಮ್ಮ ಕಡಲ ದಡದ ಕ್ಷೇಮ ಮೊದಲು ನಿಂತಿರುವುದು ಅದರ ಮೇಲೆ.